ಚೆನ್ನೈಗೂ ವಂಡರ್‌ಲಾ ಬಂತು. ಬಿಡದಿಗೆ ಹೋಗುವವರು ಕಡಿಮೆಯಾಗುತ್ತಾರಾ?

ಕೆಜಿಎಫ್ ಬಸ್ಸಿನವ:
ಎಲ್ಲರಿಗೂ ನಮಸ್ಕಾರ. ಕೆಜಿಎಫ್‌ನಲ್ಲಿ ನನ್ನ ಎರಡು ಬಸ್ಸುಗಳಿವೆ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸವೇ ನಮ್ಮ ಹೊಟ್ಟೆಪಾಡು. ಮಕ್ಕಳು ಮೊದಲು ಕೇಳುವುದು ಬಿಡದಿಯ ವಂಡರ್‌ಲಾ. ಬೆಳಗಿನ ಜಾವ ನಾಲ್ಕೂವರೆಗೆ ಶಾಲೆ ಮುಂದೆ ಬಸ್ ತಂದರೆ, ಆ ಚಳಿಯಲ್ಲೂ ನನಗಿಂತ ಮುಂಚೆ ಬಂದು ನಿಂತಿರುತ್ತಾರೆ. ನನಗೆ ತಮಿಳು ಬರುತ್ತದೆ, ಹಾಗಾಗಿ ವೆಲ್ಲೂರು, ಆಂಬೂರಿನ ನಾಲ್ಕು ಶಾಲೆಗಳೂ ಖಾಯಂ ಗಿರಾಕಿಗಳು.

2025ರ ಡಿಸೆಂಬರಿನಲ್ಲಿ ಚೆನ್ನೈ ಹೊರಗೆ, ತಿರುಪ್ಪೋರೂರಿನ ಹತ್ತಿರ, ಅದೇ ಕಂಪನಿಯ ಹೊಸ ಪಾರ್ಕು ಶುರುವಾಯಿತು. ವೆಲ್ಲೂರಿನ ಒಬ್ಬ ಹೆಡ್‌ಮಾಸ್ಟರು ಈಗಲೇ "ಮುಂದಿನ ಸಲ ಚೆನ್ನೈಗೇ ಹೋಗೋಣ" ಎಂದಿದ್ದಾರೆ. ಹೊಸ ಪಾರ್ಕು ಬಂದರೆ ಹಳೆಯದಕ್ಕೆ ಜನ ಕಡಿಮೆಯಾಗುತ್ತಾರಾ? ಮೂರನೇ ಬಸ್ಸಿಗೆ ಸಾಲ ಮಾಡುವ ಯೋಚನೆ ಇತ್ತು. ಅದಕ್ಕೇ ಕೇಳುತ್ತಿದ್ದೇನೆ.

ಒರ್ಲಾಂಡೊ ಕನ್ನಡತಿ:
ಅಣ್ಣಾ, ನಾನಿರುವುದು ಫ್ಲಾರಿಡಾದ ಒರ್ಲಾಂಡೊದಲ್ಲಿ, ಹೋಟೆಲ್ ಕೆಲಸ. ಪಾರ್ಕು ತುಂಬಿದರೆ ನಮ್ಮ ರೂಮು ತುಂಬುತ್ತದೆ. ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿನ ಯೂನಿವರ್ಸಲ್‌ನವರು 2010ರ ಜೂನ್‌ನಲ್ಲಿ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿನೊಳಗೆ ಹ್ಯಾರಿ ಪಾಟರ್ ವಿಭಾಗ ತೆರೆದರು. 2009ರಲ್ಲಿ ಆ ಪಾರ್ಕಿಗೆ ಬಂದವರು ಸುಮಾರು 46 ಲಕ್ಷ. 2011ರಲ್ಲಿ ಸುಮಾರು 77 ಲಕ್ಷ! ಗೇಟು ಅದೇ, ರಸ್ತೆ ಅದೇ. ಒಂದು ಸಲ ನೋಡಿ ಹೋದವರಿಗೂ ಮತ್ತೆ ಬರಲು ಕಾರಣ ಸಿಕ್ಕಿತು, ಅಷ್ಟೇ.

ಆದರೆ ಪ್ರತಿ ಸಲ ಹೀಗೇ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 2019ರ ಮೇ 31ಕ್ಕೆ ಸ್ಟಾರ್ ವಾರ್ಸ್ ವಿಭಾಗ ತೆರೆಯಿತು. ಮೊದಲ ಮೂರು ವಾರ ಮುಂಗಡ ಬುಕ್ಕಿಂಗ್ ಇದ್ದವರನ್ನಷ್ಟೇ ಅದರೊಳಗೆ ಬಿಟ್ಟರು. ವರ್ಷದ ಪಾಸ್ ಇದ್ದ ಎಷ್ಟೋ ಜನರಿಗೆ ಆ ಬೇಸಿಗೆಯಲ್ಲಿ ಪಾರ್ಕಿಗೇ ಪ್ರವೇಶವಿರಲಿಲ್ಲ. ಉಳಿದವರಲ್ಲಿ ಅನೇಕರು ನೂಕುನುಗ್ಗಲಿಗೆ ಹೆದರಿ ಮನೆಯಲ್ಲೇ ಉಳಿದರು. ಅಮೆರಿಕದ ಡಿಸ್ನಿ ಪಾರ್ಕುಗಳಿಗೆ ಬಂದವರ ಸಂಖ್ಯೆ ಆ ತ್ರೈಮಾಸಿಕದಲ್ಲಿ ಶೇ. 3ರಷ್ಟು ಇಳಿಯಿತು.

ಅದಕ್ಕೇ ಹೇಳುತ್ತೇನೆ, ಬರೀ ಮೊದಲ ಸೀಸನ್ ನೋಡಿ ಸಾಲದ ವಿಷಯ ತೀರ್ಮಾನಿಸಬೇಡಿ.

ಮಂಗಳೂರು ಟು ಹಾಂಗ್ ಕಾಂಗ್:
ಇಲ್ಲಿನ ಕಥೆಯನ್ನೂ ಕೇಳಿ. ಹಾಂಗ್ ಕಾಂಗ್ ಡಿಸ್ನಿಲ್ಯಾಂಡ್ ತೆರೆದದ್ದು 2005ರಲ್ಲಿ. ಮೊದಲ ವರ್ಷ 56 ಲಕ್ಷ ಜನ ಬರುತ್ತಾರೆ ಎಂದು ಲೆಕ್ಕ ಹಾಕಿದ್ದರು. ಅಷ್ಟು ಬರಲಿಲ್ಲ. ಎರಡನೇ ವರ್ಷ ಇನ್ನೂ ಇಳಿಯಿತು. ಪಾರ್ಕು ಚಿಕ್ಕದು, ಅರ್ಧ ದಿನಕ್ಕೆ ಮುಗಿಯುತ್ತದೆ ಅನ್ನೋದು ಆಗ ಎಲ್ಲರ ದೂರು. 2011ರಿಂದ 2013ರೊಳಗೆ ಮೂರು ಹೊಸ ವಿಭಾಗ ಸೇರಿಸಿದರು. 2014ರಲ್ಲಿ 75 ಲಕ್ಷ ಜನ ಬಂದರು.

2016ರ ಜೂನ್‌ನಲ್ಲಿ ಶಾಂಘೈ ಡಿಸ್ನಿ ತೆರೆಯಿತು. ಆ ವರ್ಷ ಇಲ್ಲಿಗೆ ಬಂದವರು 61 ಲಕ್ಷ. ಶಾಂಘೈಯೇ ಕಿತ್ತುಕೊಂಡಿತು ಎಂದು ಸುಲಭವಾಗಿ ಹೇಳಬಹುದು, ಅಲ್ವಾ? ಆದರೆ 2015ರಲ್ಲೇ 68 ಲಕ್ಷಕ್ಕೆ ಇಳಿದಿತ್ತು. ಚೀನಾದಿಂದ ಹಾಂಗ್ ಕಾಂಗ್‌ಗೆ ಬರುವ ಪ್ರವಾಸಿಗರೇ ಆಗ ಕಡಿಮೆಯಾಗಿದ್ದರು. ನಿಮಗೂ ಟ್ರಿಪ್ ಕಡಿಮೆಯಾದರೆ ಚೆನ್ನೈಯನ್ನೇ ಬೈಯಬೇಡಿ. ಪರೀಕ್ಷೆ, ಮಳೆ, ಟಿಕೆಟ್ ದರ, ಎಲ್ಲವನ್ನೂ ನೋಡಿ.

ಕೆಜಿಎಫ್ ಬಸ್ಸಿನವ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಲೆಕ್ಕ ಹಾಕಿದೆ. ವೆಲ್ಲೂರಿನಿಂದ ಚೆನ್ನೈ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 210. ಅದರ ಮೇಲೆ ಬೆಂಗಳೂರು ದಾಟಿ ಬಿಡದಿಗೆ ಹೋಗಬೇಕು. ಹೆಡ್‌ಮಾಸ್ಟರು ಹೇಳಿದ್ದು ಸರಿಯೇ. ಮಕ್ಕಳಿಗೆ ನೀರಿನಲ್ಲಿ ಆಡಲು ಎರಡು ಗಂಟೆ ಜಾಸ್ತಿ ಸಿಗುತ್ತದೆ. ನನ್ನ ಮಕ್ಕಳಾಗಿದ್ದರೂ ನಾನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲಿನ ಶಾಲೆಗಳು ಮಾತ್ರ ಬಿಡದಿ ಬಿಡುವುದಿಲ್ಲ, ನಮಗೆ ಅದೇ ಹತ್ತಿರ.

ಒರ್ಲಾಂಡೊ ಕನ್ನಡತಿ:
ಅಣ್ಣಾ, ವೆಲ್ಲೂರಿನವರನ್ನು ಯಾಕೆ ಬಿಡುತ್ತೀರಿ? ಹೋಟೆಲನ್ನು ನಾವು ಎತ್ತಿಕೊಂಡು ಹೋಗಲು ಆಗುವುದಿಲ್ಲ. ನಿಮ್ಮ ಬಸ್ಸಿಗೆ ಚಕ್ರ ಇದೆಯಲ್ಲ! ಅವರನ್ನು ಚೆನ್ನೈಗೆ ನೀವೇ ಕರೆದುಕೊಂಡು ಹೋಗಿ.

ಕೆಜಿಎಫ್ ಬಸ್ಸಿನವ:
ಇದು ನನಗೆ ಹೊಳೆದೇ ಇರಲಿಲ್ಲ ತಂಗಿ. ಹಿಂದಿನ ರಾತ್ರಿಯೇ ಖಾಲಿ ಬಸ್ ವೆಲ್ಲೂರಿಗೆ ಹೋಗಬೇಕು, ಡೀಸೆಲ್ ಖರ್ಚು ಬೀಳುತ್ತದೆ. ಎರಡು ಶಾಲೆ ಒಂದರ ಹಿಂದೆ ಒಂದು ದಿನ ಹೊರಟರೆ ಗಿಟ್ಟುತ್ತದೆ. ಸೋಮವಾರ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಆಂಬೂರಿನವರನ್ನೂ ಸೇರಿಸಿ ಮಾತಾಡುತ್ತೇನೆ. ಮೂರನೇ ಬಸ್ಸು ಈ ಸೀಸನ್ ಮುಗಿದ ಮೇಲೆ.