ಟ್ಯಾಬ್ಲೆಟ್‌ನಲ್ಲಿ ಥಾಯ್ ರನಾತ್ ಏಕ್: ಶ್ರುತಿ ಹೇಗಿರಬೇಕು?

ಪ್ರಶ್ನೆ (ಜಯನಗರ, ಬೆಂಗಳೂರು): ದೋಣಿಯಾಕಾರದ ಪೆಟ್ಟಿಗೆಯ ಮೇಲೆ ಹಗ್ಗದಲ್ಲಿ ತೂಗುವ 21 ಅಥವಾ 22 ಮರದ ಪಟ್ಟಿಗಳುಳ್ಳ ರನಾತ್ ಏಕ್ ವಾದ್ಯವನ್ನು ಮಕ್ಕಳಿಗಾಗಿ ಟ್ಯಾಬ್ಲೆಟ್ ಆ್ಯಪ್ ಆಗಿ ರೂಪಿಸುತ್ತಿದ್ದೇನೆ. ಹಾರ್ಮೋನಿಯಂನ ಸ್ವರಗಳನ್ನೇ ಬಳಸಬಹುದೇ?

ಉತ್ತರ (ಮಲ್ಲೇಶ್ವರ): ದಯವಿಟ್ಟು ಬಳಸಬೇಡಿ. ಥಾಯ್ ಪದ್ಧತಿಯಲ್ಲಿ ಸಪ್ತಕವನ್ನು ಸರಿಸುಮಾರು ಸಮಾನವಾದ 7 ಅಂತರಗಳಾಗಿ ಹಂಚುವುದರಿಂದ ಒಂದೊಂದು ಅಂತರವೂ ಸುಮಾರು 171 ಸೆಂಟ್ (ಸಪ್ತಕದ 1200 ಸಮಪಾಲುಗಳಲ್ಲಿ ಒಂದು ಪಾಲೇ ಒಂದು ಸೆಂಟ್) ಆಗುತ್ತದೆ. ಷಡ್ಜವನ್ನು ಬಿಟ್ಟರೆ ಹಾರ್ಮೋನಿಯಂನ ಯಾವ ಮನೆಯೂ ಅದಕ್ಕೆ ನಿಖರವಾಗಿ ಹೊಂದುವುದಿಲ್ಲ. ನಮ್ಮ ಮೃದಂಗದ ಎಡಮುಖಕ್ಕೆ ರವೆ ಮೆತ್ತುವಂತೆ, ಅಲ್ಲಿ ಪಟ್ಟಿಗಳ ಅಡಿಗೆ ಸೀಸ ಬೆರೆಸಿದ ಜೇನುಮೇಣವನ್ನು ಅಂಟಿಸಿ ಶ್ರುತಿ ಮಾಡುತ್ತಾರೆ. ಆದ್ದರಿಂದ ನಿಜವಾದ ಒಂದು ವಾದ್ಯದ ನಾದವನ್ನೇ ಪಟ್ಟಿ ಪಟ್ಟಿಯಾಗಿ ಮುದ್ರಿಸಿಕೊಳ್ಳಿ.

ಉತ್ತರ (ಬಸವನಗುಡಿ): ವಾದಕರು ಹೆಚ್ಚಾಗಿ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ನುಡಿಸುವ ಕಾರಣ ಬಹುಸ್ಪರ್ಶ (ತೆರೆಯ ಮೇಲೆ ಒಮ್ಮೆಗೇ ಹಲವು ಬೆರಳುಗಳ ಸ್ಪರ್ಶವನ್ನು ಗುರುತಿಸುವ ಸೌಲಭ್ಯ) ಅನಿವಾರ್ಯ. ಗಟ್ಟಿ ಕೋಲು, ಮೆದು ಕೋಲು ಎರಡರ ನಾದವೂ ಇರಲಿ.