ದಸರೆ ಹೊತ್ತಿನ ಚಾ ಯಾಕೆ ಇಷ್ಟು ತಟ್ಟುತ್ತದೆ?

ಗದಗಿನ ಓದುಗ:
ಮಳೆಗಾಲದ ಚಾದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮಿರ್ಚಿ, ಗಿರ್ಮಿಟ್, ಹೊರಗೆ ಜಿಟಿಜಿಟಿ ಮಳೆ. ನನಗೆ ಮಾತ್ರ ಆಶ್ವಿಜ, ಕಾರ್ತಿಕದ ಚಾ ಜಾಸ್ತಿ ಇಷ್ಟ. ಮಳೆಯಲ್ಲಿ ಮೈ ಬೆಚ್ಚಗಾಗೋಕೆ ಚಾ ಬೇಕೇ ಬೇಕು. ಈಗ ಹಾಗಿಲ್ಲ. ಯರಿ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿ ಆಗಿರುತ್ತದೆ, ಮಧ್ಯಾಹ್ನ ಬಿಸಿಲು, ಸಂಜೆಗೆ ಸಣ್ಣ ಥಂಡಿ. ಸುಮ್ನೆ ಕೂರೋಕೆ ಒಂದು ನೆವ ಅಂತ ಚಾ ಮಾಡಿಕೊಳ್ಳುತ್ತೇನೆ. ಬಸಿಗೆ ಸುರುವಿಕೊಂಡು ಊದಿದರೆ ಮೇಲಿನ ಕೆನೆ ಒಂದು ಬದಿಗೆ ಸರಿದು ನೆರಿಗೆಯಾಗುತ್ತದೆ. ಅದನ್ನು ನೋಡುತ್ತಾ ಎಷ್ಟು ಹೊತ್ತಾದರೂ ಕೂತಿರಬಲ್ಲೆ.

ಹಳೆಯ ಕಾವ್ಯಗಳಲ್ಲಿ ಶರತ್ಕಾಲ ಅಂದರೆ ಬೆಳದಿಂಗಳು, ತಾವರೆ, ಹಂಸ. ಚಾ ನಮ್ಮ ಮನೆಮನೆಗೆ ಬಂದದ್ದು 20ನೇ ಶತಮಾನದಲ್ಲಿ. ತಡವಾಗಿ ಬಂತು ಅಂತಲೇ ಈ ಕಾಲದ ಕವಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ವಾ? ನಿಮಗೆ ಏನನಿಸುತ್ತದೆ?

ಸಾಧನಕೇರಿ ದಂಡೆ:
ಚೀನಾದಲ್ಲಿ ಜಾಗ ಸಿಕ್ಕಿದೆ ಸರ್, ಅದೂ ಬಹಳ ಹಿಂದೆಯೇ. ಚಾದ ಮೇಲೆ ಪುಸ್ತಕ ಬರೆದ ಲು ಯು 8ನೇ ಶತಮಾನದವನು. ಅವನ ಗೆಳೆಯ ಜಿಯಾವ್ರಾನ್ ಬೌದ್ಧ ಸನ್ಯಾಸಿ, ಕವಿ. ಚೀನಿ ಪಂಚಾಂಗದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಅಲ್ಲಿ ಹಬ್ಬ. ಅಂದು ಇಬ್ಬರೂ ಮಠದಲ್ಲಿ ಕೂತು ಚಾ ಕುಡಿದದ್ದನ್ನು ನಾಲ್ಕೇ ಸಾಲಿನಲ್ಲಿ ಬರೆದಿಟ್ಟಿದ್ದಾನೆ. ಬೇಲಿ ಪಕ್ಕ ಹಳದಿ ಸೇವಂತಿಗೆ. ಊರ ಜನ ಆ ಹಬ್ಬಕ್ಕೆ ಹೂವಿನ ದಳ ತೇಲಿಸಿ ಮದ್ಯ ಕುಡಿಯುತ್ತಾರೆ, ಇವರಿಬ್ಬರದು ಚಾ. ಹಾಲು, ಸಕ್ಕರೆ ಇಲ್ಲ. ಲು ಯು ಹೇಳುವ ಚಾಕ್ಕೆ ಚಿಟಿಕೆ ಉಪ್ಪು!

ಆ ಒಂಬತ್ತರ ದಿನ 2023ರಲ್ಲೂ 2024ರಲ್ಲೂ ನಮ್ಮ ಮಹಾನವಮಿಯಂದೇ ಬಂದಿತ್ತು. ನಾವು ಸೈಕಲ್ಲಿಗೂ ಹಿಟ್ಟಿನ ಗಿರಣಿಗೂ ಸೇವಂತಿಗೆ ಹಾರ ಹಾಕೋ ದಿನ. ಅಲ್ಲೂ ಇಲ್ಲೂ ಅದೇ ಹೂ, ಅದೇ ಹವೆ. ಇದು ಗೊತ್ತಾದಾಗಿಂದ ಆಯುಧ ಪೂಜೆ ಮುಗಿಸಿ ಚಾ ಕುಡಿಯುವಾಗ ಅವರಿಬ್ಬರು ನೆನಪಾಗದೆ ಇರೋದಿಲ್ಲ.

ಹಾವೇರಿ ಅಕ್ಕ:
ಗದಗಿನವರೇ, ನೀವು ಇದನ್ನು ಒಬ್ಬರೇ ಕೂತು ಕುಡಿಯೋ ಚಾ ಅಂತ ಬರೆದಿದ್ದೀರಿ. ನಾನು ಒಪ್ಪೋದಿಲ್ಲ ರೀ. ಮರುದಿನ ಬನ್ನಿ ಕೊಡೋಕೆ ಹೋಗುತ್ತೀರಲ್ಲ? ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತ ಎಲೆ ಕೈಗಿಟ್ಟರೆ ‘ಅರ್ಧ ಕಪ್ ಚಾ ಕುಡದ ಹೋಗ್ರಿ’ ಅನ್ನದ ಮನೆ ಯಾವುದಿದೆ?

ಹೊಲದ ಬದುವಿನ ಜಗಳಕ್ಕೆ ನಮ್ಮಪ್ಪ, ದೊಡ್ಡಪ್ಪ ಮಾತು ಬಿಟ್ಟಿದ್ದರು. ಒಂದು ದಸರೆಗೆ ದೊಡ್ಡಪ್ಪ ಬನ್ನಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವ್ವ ಏನೂ ಕೇಳಲಿಲ್ಲ. ಒಳಗೆ ಹೋಗಿ ಯಾಲಕ್ಕಿ ಜಜ್ಜಿದಳು. ಹಾವೇರಿ ಯಾಲಕ್ಕಿ ಹಾರಕ್ಕೆ ಹೆಸರಾದರೂ ನಮ್ಮನೆಯ ದಿನದ ಚಾಕ್ಕೆ ಬೀಳುತ್ತಿದ್ದದ್ದು ಶುಂಠಿಯೇ. ಯಾಲಕ್ಕಿ ವಾಸನೆ ಬಂತೆಂದರೆ ಬೇಕಾದವರು ಬಂದಿದ್ದಾರೆ ಅಂತ. ಅಪ್ಪನಿಗೂ ಅದು ಮೂಗಿಗೆ ಬಡಿದಿರಬೇಕು, ಎದ್ದು ಬಂದು ಕಂಬಳಿ ಹಾಸಿದರು. ಕುಡಿಯುತ್ತಾ ಮೊದಲು ಬಂದ ಮಾತು ಜೋಳದ್ದು. ಬದುವಿನ ಸುದ್ದಿ ಯಾರೂ ತೆಗೆಯಲಿಲ್ಲ.

ಗದಗಿನ ಓದುಗ:
ಅಕ್ಕಾರ, ನಾನು ಕೇಳಿದ್ದಕ್ಕೆ ಇದೇ ಉತ್ತರ ಅನಿಸುತ್ತಿದೆ. ದಯವಿಟ್ಟು ಇದನ್ನು ಪೂರ್ತಿ ಕತೆ ಮಾಡಿ ಬರೀರಿ. ದೊಡ್ಡಪ್ಪ ಬಸಿಯಲ್ಲಿ ಕುಡಿದರಾ, ಕಪ್ಪಿನಲ್ಲೇ ಕುಡಿದರಾ, ಅದನ್ನೂ ಬಿಡಬೇಡಿ.