ಬ್ಯಾಂಡ್ ಬೂಸ್ಟರ್ ಸಂಘ: ಮಕ್ಕಳ ಹೆಸರಿನ ಜಮೆಗೂ ಬ್ಯಾಂಕಿನ ಶಿಲ್ಕಿಗೂ ತಾಳೆಯಾಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಟೆಕ್ಸಾಸ್‌ನಲ್ಲಿ ನನ್ನ ಮಗಳು ಕ್ಲಾರಿನೆಟ್ ನುಡಿಸುವ ಹೈಸ್ಕೂಲ್ ಬ್ಯಾಂಡಿನ ಪೋಷಕರ ಸಂಘಕ್ಕೆ ಜುಲೈನಿಂದ ನಾನು ಖಜಾಂಚಿ. ಹಿಂದಿನವರು ಕೊಟ್ಟ ಎಕ್ಸೆಲ್ ಹಾಳೆಯಲ್ಲಿ, ಕುಕಿ ಮಾರಿ ಯಾವ ಮಗು ಎಷ್ಟು ಹಣ ತಂದಿತೋ ಅಷ್ಟನ್ನು ಅದರ ಹೆಸರಿಗೆ ಜಮಾ ಮಾಡಿ, ಪ್ರವಾಸದ ಶುಲ್ಕದಲ್ಲಿ ಮುರಿದುಕೊಳ್ಳಲಾಗಿದೆ. ಜಮೆಗಳ ಒಟ್ಟು 11,400 ಡಾಲರ್, ಬ್ಯಾಂಕಿನಲ್ಲಿರುವುದು 8,900. ಶಾಲೆ ಮುಗಿಸಿದ ಹುಡುಗನ ತಂದೆ ಉಳಿದ 310 ಡಾಲರ್ ವಾಪಸು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ:
ಸರ್, 2,500 ಡಾಲರ್ ವ್ಯತ್ಯಾಸಕ್ಕಿಂತ ಆ ಹಾಳೆಯ ಪದ್ಧತಿಯೇ ದೊಡ್ಡ ತೊಂದರೆ. 501(ಸಿ)(3), ಅಂದರೆ ಅಮೆರಿಕದಲ್ಲಿ ದತ್ತಿ ಸಂಸ್ಥೆಗಳಿಗೆ ಸಿಗುವ ತೆರಿಗೆ ವಿನಾಯಿತಿ ಪಡೆದ ಸಂಘವು ನಿಧಿ ಸಂಗ್ರಹದ ಹಣವನ್ನು, ದುಡಿದ ಕುಟುಂಬಕ್ಕೇ ಅದರ ದುಡಿಮೆಯ ಪ್ರಮಾಣದಲ್ಲಿ ಹಂಚಿದರೆ ಅದು ಖಾಸಗಿ ಲಾಭವಾಗುತ್ತದೆ. ಇದೇ ಕಾರಣಕ್ಕೆ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ಬಿನ ವಿನಾಯಿತಿ ರದ್ದಾದದ್ದನ್ನು 2013ರಲ್ಲಿ ತೆರಿಗೆ ನ್ಯಾಯಾಲಯ ಎತ್ತಿಹಿಡಿಯಿತು. ಪೋಷಕರು ಸ್ವಂತ ಕಿಸೆಯಿಂದ ಕಟ್ಟಿದ ಶುಲ್ಕವನ್ನು ಮಗುವಿನ ಹೆಸರಿನಲ್ಲಿ ಬರೆದಿಡುವುದು ತಪ್ಪಲ್ಲ. ಆದ್ದರಿಂದ ಮೊದಲು ಠೇವಣಿ ಚೀಟಿಗಳನ್ನು ಹಿಡಿದು ಈ ಎರಡನ್ನೂ ಬೇರ್ಪಡಿಸಿ. ಜೊತೆಗೆ 990-ಎನ್ ಎಂಬ ಚಿಕ್ಕ ವಾರ್ಷಿಕ ವಿವರಪತ್ರ ಸಲ್ಲಿಕೆಯಾಗಿದೆಯೇ ಎಂದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದಲ್ಲಿ ನೋಡಿ. ಕೆಲಸ ಐದು ನಿಮಿಷದ್ದು, ಮರೆಯುವುದೂ ಅಷ್ಟೇ ಸುಲಭ.

ಪ್ರಶ್ನಿಸಿದವರು:
ವ್ಯತ್ಯಾಸ ಸಿಕ್ಕಿತು. ಕುಕಿ ಸರಬರಾಜುದಾರರಿಗೆ ಕೊಟ್ಟ 2,500 ಡಾಲರನ್ನು ಕಳೆಯದೆ ಮಾರಾಟದ ಪೂರ್ತಿ ಹಣವನ್ನೇ ಮಕ್ಕಳಿಗೆ ಜಮಾ ಮಾಡಿದ್ದರು. ಆ 310ರಲ್ಲಿ ತಂದೆಯ ಚೆಕ್ಕಿನಿಂದ ಬಂದದ್ದು 60 ಮಾತ್ರ. 990-ಎನ್ ಎರಡು ವರ್ಷಗಳಿಂದ ಸಲ್ಲಿಕೆಯಾಗಿಲ್ಲ.

ಉತ್ತರ:
ಹಾಗಾದರೆ 60 ಡಾಲರ್ ಹಿಂತಿರುಗಿಸಿ. ಉಳಿದ 250 ಯಾರ ಹೆಸರಿನಲ್ಲೂ ಇರಕೂಡದು, ಮಾರಾಟದ ಲಾಭವೆಲ್ಲ ಸಾಮಾನ್ಯ ನಿಧಿಗೆ ಸೇರಿ, ಎಲ್ಲ ಮಕ್ಕಳ ಪ್ರವಾಸ ಶುಲ್ಕವನ್ನೂ ಒಂದೇ ಸಮನಾಗಿ ತಗ್ಗಿಸಲಿ. ಆ ತಂದೆ ಸಿಟ್ಟಾಗಬಹುದು. ಆದ್ದರಿಂದ ನೀವೊಬ್ಬರೇ ಉತ್ತರಿಸದೆ ಸಮಿತಿಯ ನಿರ್ಣಯವನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಕೊಡಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ನಿಮ್ಮ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುವುದಾದರೆ ಕೊನೆಯ ದಿನ ನವೆಂಬರ್ 15. ವಾರ್ಷಿಕ ಒಟ್ಟು ಸ್ವೀಕೃತಿ ಸಾಮಾನ್ಯವಾಗಿ 50,000 ಡಾಲರ್ ಮೀರದಿದ್ದರೆ 990-ಎನ್ ಸಾಕು, ಶುಲ್ಕವಿಲ್ಲ. ಇಂದೇ ಸಲ್ಲಿಸಿ.